ಹಿರಿಯರ ಮುಂದೆ ಆರುವ ಬೀಡಿ

ನೊಣವಿನಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಬೀಡಿ ಅಂಗಡಿ ಇತ್ತು. ಅದರ ಕಂಬಕ್ಕೆ ತೆಂಗಿನ ನಾರಿನ ಹಗ್ಗವೊಂದನ್ನು ತೂಗುಬಿಟ್ಟಿದ್ದರು. ಹಗ್ಗದ ತುದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸಣ್ಣ ಕೆಂಡ ಇರುತ್ತಿತ್ತು. ಬೀಡಿ ಕೊಂಡವರು ಬೆಂಕಿಪೊಟ್ಟಣ ಕೇಳದೆ ಆ ತುದಿಯನ್ನೇ ಎತ್ತಿ ಊದಿ ಹಚ್ಚಿಕೊಳ್ಳುತ್ತಿದ್ದರು. ಆ ಕೆಂಡ ಇರುತ್ತಿದ್ದದ್ದು ಸುಮಾರಾಗಿ ಎಂಟು ವರ್ಷದ ಹುಡುಗನ ಮುಖದ ಎತ್ತರಕ್ಕೆ. 1980ರ ದಶಕದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಯಾವ ಊರಿಗೆ ಹೋದರೂ ಇಂಥ ಹಗ್ಗ ಕಾಣಿಸುತ್ತಿತ್ತು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಬೀಡಿ ಸೇದುವುದಕ್ಕೆ ನಮ್ಮೂರಿನಲ್ಲಿ ಕಟ್ಟುಪಾಡೇ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಕಟ್ಟುಪಾಡುಗಳು ಇದ್ದವು, ಅವು ಕಟ್ಟುನಿಟ್ಟಾಗಿಯೂ ಇದ್ದವು. ಹಿರಿಯರು ಎದುರಿಗೆ ಬಂದರೆ ಬೀಡಿ ಆರಬೇಕು. ನಲವತ್ತು ದಾಟಿದ ಗಂಡಸು ಕೂಡ ತನ್ನ ತಂದೆಯೋ ದೊಡ್ಡಪ್ಪನೋ ಬರುವುದು ಕಂಡರೆ ಬೀಡಿಯನ್ನು ಅಂಗೈಯೊಳಗೆ ಮುಚ್ಚಿಕೊಳ್ಳುತ್ತಿದ್ದ. ಕಾಡಸಿದ್ಧೇಶ್ವರ ಮಠದ ಬಾಗಿಲಲ್ಲಿ ಬೀಡಿ ಆರುತ್ತಿತ್ತು, ಮಸೀದಿಯ ಮೆಟ್ಟಿಲಲ್ಲೂ ಆರುತ್ತಿತ್ತು. ಕೊಬ್ಬರಿ ಅಟ್ಟದ ಹತ್ತಿರವಂತೂ ಯಾವ ಯಜಮಾನನೂ ಬೀಡಿ ಹಚ್ಚಲು ಬಿಡುತ್ತಿರಲಿಲ್ಲ. ವರ್ಷವಿಡೀ ಒಣಗಿದ ಕಾಯಿಗೆ ಒಂದು ಕಿಡಿ ತಾಗಿದರೆ ಒಂದು ಸಂಸಾರದ ಬದುಕೇ ಬೂದಿಯಾಗುತ್ತದೆ. ಹೀಗೆ ನಮ್ಮ ಜನ ಹಿರಿಯರಿಗೆ, ದೇವರಿಗೆ ಮತ್ತು ಕೊಬ್ಬರಿಗೆ ಹೊಗೆ ತಾಗದಂತೆ ನೋಡಿಕೊಂಡರು. ಮಕ್ಕಳ ಮುಂದೆ ಬೀಡಿ ಆರಬೇಕೆಂಬ ನಿಯಮ ಮಾತ್ರ ಇರಲಿಲ್ಲ. ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು, ಮಗುವಿನ ತಲೆಯ ಮೇಲೆ ಹೊಗೆ ಬಿಡುತ್ತ ಜಗಲಿಯಲ್ಲಿ ಮಾತಾಡುತ್ತಿದ್ದ ಗಂಡಸರು ಕೆಟ್ಟವರಲ್ಲ. ಆ ಮಕ್ಕಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದವರು ಅವರು.

ಗೌರವ ಮೇಲಕ್ಕೆ ಹರಿಯುತ್ತಿತ್ತು, ರಕ್ಷಣೆ ಕೆಳಕ್ಕೆ ಇಳಿದಿರಲಿಲ್ಲ. ಧೂಮಪಾನ ಕುರಿತ ಸರಕಾರಿ ನೀತಿಗಳ ನೂರು ಚಿಲ್ಲರೆ ವರ್ಷಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದರೆ ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಬಿಜಾಪುರದಿಂದ ಆಗ್ರಾಕ್ಕೆ

ಹೊಗೆಸೊಪ್ಪು ನಮ್ಮ ನೆಲದ್ದಲ್ಲ. ಅದು ಅಮೆರಿಕ ಖಂಡದಲ್ಲಿ ಹುಟ್ಟಿದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದು ಅಲ್ಲಿಂದ ಒಳನಾಡಿಗೆ ಹಬ್ಬಿತು. ಉತ್ತರ ಭಾರತದ ದೊರೆಗಳಿಗೆ ಇದರ ಪರಿಚಯವಾದದ್ದು ನಮ್ಮ ಕನ್ನಡ ನಾಡಿನ ಬಿಜಾಪುರದ ಮೂಲಕ ಎಂಬುದನ್ನು ಹೆಚ್ಚಿನವರು ಮರೆತಿದ್ದೇವೆ. ಅಕ್ಬರನ ಆಸ್ಥಾನದ ಅಸದ್ ಬೇಗ್ ಎಂಬ ಅಧಿಕಾರಿ 17ನೇ ಶತಮಾನದ ಮೊದಲ ವರ್ಷಗಳಲ್ಲಿ ಬಿಜಾಪುರಕ್ಕೆ ಬಂದಿದ್ದ. ಆಗ ಅಲ್ಲಿ ಆಳುತ್ತಿದ್ದವನು ಎರಡನೇ ಇಬ್ರಾಹಿಂ ಆದಿಲ್ ಶಾಹ. ಅಲ್ಲಿ ತಂಬಾಕನ್ನು ಕಂಡ ಅಸದ್ ಬೇಗ್, ರತ್ನ ಕೂಡಿಸಿದ ಕೊಳವೆಯೊಂದನ್ನು ಮಾಡಿಸಿಕೊಂಡು ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಇದು ಮಕ್ಕಾ, ಮದೀನಗಳಲ್ಲೂ ತಿಳಿದಿರುವ ವಸ್ತು ಎಂದು ಒಬ್ಬ ಅಮೀರ ಸಮರ್ಥನೆಯ ಮಾತಾಡಿದ. ಅಕ್ಬರ್ ಕೆಲವು ದಮ್ಮು ಎಳೆದ. ಆಸ್ಥಾನದ ಹಕೀಮ ತಡೆದ. ನಮ್ಮ ವೈದ್ಯಗ್ರಂಥಗಳಲ್ಲಿ ಹೆಸರೇ ಇಲ್ಲದ, ಪರೀಕ್ಷೆಯಾಗದ ವಸ್ತುವನ್ನು ಬಾದಶಹರು ಸೇವಿಸುವುದು ಸರಿಯಲ್ಲ ಎಂಬುದು ಅವನ ವಾದ. ಫರಂಗಿಗಳಲ್ಲೂ ಬುದ್ಧಿವಂತರಿದ್ದಾರೆ, ಹೊಸದೆಂದು ತಳ್ಳಿಹಾಕಬಾರದು ಎಂಬುದು ಅಸದ್ ಬೇಗನ ವಾದ. ಅಕ್ಬರ್ ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ. ಆದರೆ ಅಮೀರರು ಬಿಡಲಿಲ್ಲ, ವ್ಯಾಪಾರಿಗಳು ಮಾರತೊಡಗಿದರು.

ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇದುವುದನ್ನು ನಿಷೇಧಿಸಿದ. ಅದೇ ಕಾಲದಲ್ಲಿ ಇರಾನಿನ ಶಾಹ್ ಅಬ್ಬಾಸ್ ಕೂಡ ನಿಷೇಧ ಹಾಕಿದ್ದ. ಆದರೆ ಇರಾನಿಗೆ ಹೋದ ಜಹಾಂಗೀರನ ರಾಯಭಾರಿ ಖಾನ್ ಆಲಮ್‌ಗೆ ಹೊಗೆ ಇಲ್ಲದೆ ಒಂದು ಗಳಿಗೆಯೂ ಇರಲಾಗುತ್ತಿರಲಿಲ್ಲ. ಕೊನೆಗೆ ಶಾಹ್ ಅಬ್ಬಾಸನೇ ಅವನಿಗೆ ವಿನಾಯಿತಿ ಕೊಡಬೇಕಾಯಿತು. ಇಂಗ್ಲೆಂಡಿನ ಒಂದನೇ ಜೇಮ್ಸ್ ದೊರೆ 1604ರಲ್ಲೇ ತಂಬಾಕಿನ ವಿರುದ್ಧ ಪುಸ್ತಿಕೆ ಬರೆದಿದ್ದ. ತುರ್ಕಿಯ ಸುಲ್ತಾನ ನಾಲ್ಕನೇ ಮುರಾದ್ 1633ರಲ್ಲಿ ಮರಣದಂಡನೆಯನ್ನೇ ವಿಧಿಸಿದ. ಅದನ್ನೆಲ್ಲ ಕಣ್ಣಾರೆ ಕಂಡ ಇಸ್ತಾಂಬುಲ್‌ನ ವಿದ್ವಾಂಸ ಕಾತಿಬ್ ಚಲಬಿ, ಶಿಕ್ಷೆ ಕಠಿಣವಾದಷ್ಟೂ ಸೇದುವವರ ಚಪಲ ಹೆಚ್ಚಿತೆಂದು 1656ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಈ ನಿಷೇಧಗಳು ಯಾವುವೂ ಉಳಿಯಲಿಲ್ಲ. ಅವುಗಳಲ್ಲಿದ್ದದ್ದು ದೊರೆಯ ಸಿಟ್ಟು, ಶಿಸ್ತಿನ ಚಿಂತೆ, ಬೆಂಕಿಯ ಭಯ. ಸೇದುವವನ ಪಕ್ಕದಲ್ಲಿ ಕುಳಿತವನ ಉಸಿರಿನ ಪ್ರಶ್ನೆ ಅಲ್ಲಿ ಇರಲೇ ಇಲ್ಲ. ಮುಂದೆ ಬಂದ ಸರಕಾರಗಳಿಗೆ ತಂಬಾಕಿನಲ್ಲಿ ಕಂದಾಯ ಕಂಡಿತು. ಕಂದಾಯ ಕಂಡ ಮೇಲೆ ನಿಷೇಧದ ಮಾತು ನಿಂತಿತು.

ಇಲ್ಲಿ ನಮ್ಮ ತೆಂಗಿನ ಸೀಮೆಯವರು ತಿಳಿಯಬೇಕಾದ ಒಂದು ಮಾತಿದೆ. ಅರಬ್ ಮತ್ತು ತುರ್ಕಿ ನಾಡುಗಳಲ್ಲಿ ಹುಕ್ಕಾಕ್ಕೆ ನರ್ಗಿಲೆ ಎಂಬ ಹೆಸರಿದೆ. ಫಾರ್ಸಿಯಲ್ಲಿ ನಾರ್ಗೀಲ್ ಎಂದರೆ ತೆಂಗಿನಕಾಯಿ. ಅದು ಸಂಸ್ಕೃತದ ನಾರಿಕೇಳದಿಂದ ಹೋದ ಮಾತು. ಬಡವರ ಹುಕ್ಕಾ ನೀರು ತುಂಬಿದ ತೆಂಗಿನ ಕರಟವೇ ಆಗಿತ್ತು. ಅಂದರೆ ಹೊಗೆಸೊಪ್ಪು ನಮ್ಮದಲ್ಲದಿದ್ದರೂ ಅದನ್ನು ಸೇದುವ ಪಾತ್ರೆ ನಮ್ಮದು, ಬೀಡಿ ಅಂಗಡಿಯ ಹಗ್ಗವೂ ನಮ್ಮದು.

ಆಲಿಮರ ಚರ್ಚೆ

ಧರ್ಮದ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಹಿಜರಿ ಸನ್ ಸಾವಿರದ ಆಸುಪಾಸಿನಲ್ಲಿ ಮುಸ್ಲಿಮ್ ನಾಡುಗಳಿಗೆ ಬಂದ ಈ ವಸ್ತುವಿನ ಬಗ್ಗೆ ಕುರ್‌ಆನಿನಲ್ಲಾಗಲಿ ಹದೀಸಿನಲ್ಲಾಗಲಿ ಹೆಸರಿಸಿ ಹೇಳಿದ ಮಾತಿಲ್ಲ. ಆದ್ದರಿಂದ ಆಲಿಮರಲ್ಲಿ ಶತಮಾನಗಳ ಕಾಲ ಚರ್ಚೆ ನಡೆಯಿತು. ಕೆಲವರು ಹರಾಮ್ ಎಂದರು, ಹಲವರು ಮಕ್ರೂಹ್ ಎಂದರು. ದಮಾಸ್ಕಸ್‌ನ ಅಬ್ದುಲ್ ಗನೀ ನಾಬುಲ್ಸಿಯಂಥ ದೊಡ್ಡ ವಿದ್ವಾಂಸರು 17ನೇ ಶತಮಾನದಲ್ಲಿ ಇದು ಅನುಮತಿ ಇರುವ ವಸ್ತು ಎಂದು ಗ್ರಂಥವನ್ನೇ ಬರೆದರು. ಅವರ ಕಾಲಕ್ಕೆ ತಂಬಾಕಿನ ಹಾನಿ ಸಿದ್ಧವಾಗಿರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು. 20ನೇ ಶತಮಾನದಲ್ಲಿ ವೈದ್ಯಕೀಯ ಸಾಕ್ಷ್ಯ ಬಂದ ಮೇಲೆ ಅನೇಕ ಆಲಿಮರ ನಿಲುವು ಬದಲಾಯಿತು. ತನಗೂ ಹಾನಿ ಮಾಡಿಕೊಳ್ಳಬಾರದು, ಇತರರಿಗೂ ಹಾನಿ ಮಾಡಬಾರದು ಎಂಬುದು ಫಿಕ್ಹ್‌ನ ಮೂಲಸೂತ್ರಗಳಲ್ಲಿ ಒಂದು. ಅದರ ಎರಡನೆಯ ಭಾಗವೇ ಇಂದಿನ ಕಾನೂನಿನ ತಿರುಳು.

ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರಬೇಡಿ, ಪಕ್ಕದವರಿಗೆ ತೊಂದರೆಯಾಗುತ್ತದೆ ಎಂಬ ಪ್ರವಾದಿವರ್ಯರ (ಸ) ಬೋಧನೆ ಎಲ್ಲ ಮುಸ್ಲಿಮರಿಗೂ ಗೊತ್ತು. ಬೆಳ್ಳುಳ್ಳಿ ಹರಾಮ್ ಅಲ್ಲ, ಅದು ಒಳ್ಳೆಯ ಆಹಾರ. ಆದರೂ ಪಕ್ಕದವನ ಉಸಿರಿನ ಹಕ್ಕನ್ನು ಅಲ್ಲಿ ಎತ್ತಿಹಿಡಿಯಲಾಗಿದೆ. ಮಸೀದಿಯ ಸಾಲಿನಲ್ಲಿ ನಿಂತ ಅಪರಿಚಿತನಿಗೆ ಇರುವ ಹಕ್ಕು ಮನೆಯಲ್ಲಿ ಮಲಗಿದ ಸ್ವಂತ ಮಗುವಿಗೆ ಇಲ್ಲವೇ ಎಂದು ನಾವು ಕೇಳಿಕೊಂಡದ್ದು ಕಡಿಮೆ.

ರೈಲು ಡಬ್ಬಿಯ ಒಪ್ಪಿಗೆ

ಭಾರತದಲ್ಲಿ ಪಕ್ಕದವನ ಹಕ್ಕನ್ನು ಗುರುತಿಸಿದ ಹಳೆಯ ಕಾನೂನುಗಳಲ್ಲಿ 1890ರ ರೈಲ್ವೆ ಕಾಯ್ದೆ ಒಂದು. ಧೂಮಪಾನಕ್ಕೆಂದೇ ಮೀಸಲಿಟ್ಟ ಡಬ್ಬಿಯ ಹೊರತು ಬೇರೆಡೆ ಸಹಪ್ರಯಾಣಿಕರ ಒಪ್ಪಿಗೆಯಿಲ್ಲದೆ ಸೇದಿದವನಿಗೆ 20 ರೂಪಾಯಿವರೆಗೆ ದಂಡ ಹಾಕಬಹುದಿತ್ತು. ಸ್ವಾತಂತ್ರ್ಯಾನಂತರ ಬಂದ 1989ರ ರೈಲ್ವೆ ಕಾಯ್ದೆಯೂ ಸುಮಾರಾಗಿ ಇದೇ ದಾರಿ ಹಿಡಿಯಿತು. ಸಹಪ್ರಯಾಣಿಕ ಆಕ್ಷೇಪಿಸಿದರೆ ಸೇದಕೂಡದು ಎಂದಿತು.

ಇದು ಆ ಕಾಲಕ್ಕೆ ದೊಡ್ಡ ಮಾತೇ. ಆದರೆ ಅರಸೀಕೆರೆಯಿಂದ ತಿಪಟೂರಿನ ಮೇಲೆ ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಕೂತವರಿಗೆ ಅದರ ಮಿತಿ ತಿಳಿದಿತ್ತು. ಕೊಬ್ಬರಿ ವ್ಯಾಪಾರಿಗಳು ಬೀಡಿ ಹಚ್ಚಿದರೆ ಎದುರು ಸೀಟಿನ ಬಸುರಿ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳೇ ಹೊರತು ಆಕ್ಷೇಪ ಎತ್ತುತ್ತಿರಲಿಲ್ಲ. ಅವಳ ಮಡಿಲ ಮಗುವಿಗೆ ಆಕ್ಷೇಪಿಸುವ ಬಾಯಿಯೇ ಇರಲಿಲ್ಲ. ಒಪ್ಪಿಗೆಯನ್ನು ಆಧಾರ ಮಾಡಿಕೊಂಡ ಕಾನೂನು ಬಲ ಇದ್ದವನ ಒಪ್ಪಿಗೆಯನ್ನು ಮಾತ್ರ ಕೇಳುತ್ತದೆ.

ಮಕ್ಕಳ ಹೆಸರಿನಲ್ಲೂ ಹಳೆಯ ಕಾನೂನುಗಳಿವೆ. ಬ್ರಿಟನ್ನಿನ 1908ರ ಮಕ್ಕಳ ಕಾಯ್ದೆ 16 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ತಡೆಯಿತು. ಅದರ ಬೆನ್ನಿಗೆ ಪಂಜಾಬಿನಲ್ಲಿ 1918ರಲ್ಲಿ, ಬಂಗಾಳದಲ್ಲಿ 1919ರಲ್ಲಿ ಬಾಲಕರ ಧೂಮಪಾನ ತಡೆ ಕಾಯ್ದೆಗಳು ಬಂದವು. ಇವುಗಳ ಚಿಂತೆ ಹುಡುಗರು ಸೇದಿ ಕೆಡಬಾರದು ಎಂಬುದು. ದೊಡ್ಡವರು ಸೇದಿದ ಹೊಗೆ ಹುಡುಗರಿಗೆ ಏನು ಮಾಡುತ್ತದೆಂಬುದು ಅಂದು ಯಾರಿಗೂ ಹೊಳೆದಿರಲಿಲ್ಲ.

ಅದು ಹೊಳೆಯಲು 1981 ಬರಬೇಕಾಯಿತು. ಜಪಾನಿನ ತಕೇಶಿ ಹಿರಯಾಮ ಎಂಬ ವಿಜ್ಞಾನಿ, ಸ್ವತಃ ಸೇದದ 91,540 ವಿವಾಹಿತ ಮಹಿಳೆಯರನ್ನು 1966ರಿಂದ 14 ವರ್ಷ ಗಮನಿಸಿದ್ದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚೆಂಬುದನ್ನು ಅವರು 1981ರ ಜನವರಿಯಲ್ಲಿ ಪ್ರಕಟಿಸಿದರು. ಸಿಗರೇಟು ಕಂಪನಿಗಳು ಅದನ್ನು ಅಲ್ಲಗಳೆಯಲು ಬಹಳ ಹೆಣಗಿದವು. ಆದರೆ 1986ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಅದೇ ದಿಕ್ಕಿನ ತೀರ್ಮಾನಕ್ಕೆ ಬಂತು. 1999ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹೊಗೆ ಮತ್ತು ಮಕ್ಕಳ ಆರೋಗ್ಯ ಕುರಿತು ಜಿನೀವಾದಲ್ಲಿ ಸಭೆ ಸೇರಿಸಿತು. ಜಗತ್ತಿನ ಮಕ್ಕಳಲ್ಲಿ ಅರ್ಧದಷ್ಟು, ಅಂದರೆ ಸುಮಾರು 70 ಕೋಟಿ ಮಕ್ಕಳು ಇತರರ ತಂಬಾಕಿನ ಹೊಗೆಯನ್ನು, ಮುಖ್ಯವಾಗಿ ಮನೆಯಲ್ಲೇ, ಉಸಿರಾಡುತ್ತಿದ್ದಾರೆಂದು ಆ ಸಭೆ ಅಂದಾಜು ಮಾಡಿತು. ಉಬ್ಬಸ ಕೆರಳುವುದು, ಎದೆಕಫ, ನ್ಯುಮೋನಿಯಾ, ಕಿವಿಯ ಸೋಂಕು, ಎಳೆಯ ಕೂಸುಗಳ ಹಠಾತ್ ಮರಣ ಇವೆಲ್ಲಕ್ಕೂ ಆ ಹೊಗೆಗೂ ನಂಟಿದೆ. ಮಗು ದೊಡ್ಡವರಿಗಿಂತ ಬೇಗಬೇಗ ಉಸಿರಾಡುತ್ತದೆ, ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ, ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯ ಅದಕ್ಕಿಲ್ಲ.

ನನ್ನ ತಂಗಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ತಿಪಟೂರಿನ ವೈದ್ಯರೊಬ್ಬರು ಅಬ್ಬಾನ ಜೇಬಿನ ಬೀಡಿ ಕಟ್ಟನ್ನು ನೋಡಿ, "ಮನೇಲಿ ಸೇದ್ತೀರಾ ಸಾಬ್ರೇ?" ಎಂದು ಕೇಳಿದರು. "ನಮ್ಮ ಅಬ್ಬಾಜಾನ್ ಮುಂದೆ ಯಾವತ್ತೂ ಸೇದಿಲ್ಲ ಸಾರ್" ಎಂದು ಅಬ್ಬಾ ಹೆಮ್ಮೆಯಿಂದ ಉತ್ತರಿಸಿದ್ದು ನನಗೆ ನೆನಪಿದೆ. ವೈದ್ಯರು ಕೇಳಿದ್ದು ಮಗುವಿನ ಬಗ್ಗೆ, ಅವರು ಉತ್ತರಿಸಿದ್ದು ತಂದೆಯ ಬಗ್ಗೆ. ಅವರ ಅದಬ್‌ನಲ್ಲಿ ಆ ಪ್ರಶ್ನೆಗೆ ಇನ್ನೊಂದು ಅರ್ಥವೇ ಇರಲಿಲ್ಲ. ಅಮ್ಮಿಯ ಒಲೆಯಲ್ಲಿ ತೆಂಗಿನ ಮಟ್ಟೆ, ಗರಿ ಉರಿದು ತುಂಬುತ್ತಿದ್ದ ಹೊಗೆಯೂ ಆ ಮನೆಯಲ್ಲಿತ್ತು. ಎಲ್ಲ ಹೊಣೆಯನ್ನೂ ಬೀಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಒಲೆಯ ಹೊಗೆ ಅನ್ನಕ್ಕಾಗಿ ಇತ್ತು.

ಎಚ್ಚರಿಕೆಯಿಂದ ನಿಷೇಧಕ್ಕೆ

ಸ್ವತಂತ್ರ ಭಾರತದ ಮೊದಲ ಹೆಜ್ಜೆ 1975ರ ಸಿಗರೇಟು ಕಾಯ್ದೆ. ಸಿಗರೇಟು ಸೇದುವುದು ಆರೋಗ್ಯಕ್ಕೆ ಹಾನಿಕರವೆಂಬ ಒಂದು ಸಾಲಿನ ಎಚ್ಚರಿಕೆ ಪೊಟ್ಟಣದ ಮೇಲೆ ಬಂದದ್ದು ಇದರಿಂದ. ಆ ಕಾಯ್ದೆ ಬೀಡಿಗೆ ಅನ್ವಯಿಸುತ್ತಿರಲಿಲ್ಲ. ಬಡವನು ಸೇದುವ ಬೀಡಿಯ ಕಟ್ಟಿನ ಮೇಲೆ ಎಚ್ಚರಿಕೆಯೇ ಬೇಕಾಗಿರಲಿಲ್ಲ. ಅದೇ 1975ರಲ್ಲಿ ತಂಬಾಕು ಮಂಡಳಿ ಕಾಯ್ದೆಯೂ ಬಂದು, ಮರುವರ್ಷ ಗುಂಟೂರಿನಲ್ಲಿ ಮಂಡಳಿ ಸ್ಥಾಪನೆಯಾಯಿತು. ಒಂದೇ ವರ್ಷದಲ್ಲಿ ಸರಕಾರ ಒಂದು ಕೈಯಿಂದ ಎಚ್ಚರಿಕೆ ಬರೆದು ಇನ್ನೊಂದು ಕೈಯಿಂದ ಬೆಳೆಗೆ ನೀರೆರೆಯಿತು. ನಮ್ಮ ರಾಜ್ಯದ ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ತಂಬಾಕಿನ ರೈತರು ಇಂದಿಗೂ ಆ ಮಂಡಳಿಯ ಹರಾಜು ಕಟ್ಟೆಗಳಲ್ಲಿ ನಿಲ್ಲುತ್ತಾರೆ. ಬೀಡಿ ತಂಬಾಕಿನ ನಿಪ್ಪಾಣಿಯಲ್ಲಿ 1981ರಲ್ಲಿ ನ್ಯಾಯವಾದ ಬೆಲೆಗಾಗಿ ನಡೆದ ಚಳವಳಿ ಗೋಲಿಬಾರಿನಲ್ಲಿ ಮುಗಿದದ್ದನ್ನು ಕನ್ನಡಿಗರು ಮರೆಯಬಾರದು.

ಸಾರ್ವಜನಿಕ ಸ್ಥಳದ ಪ್ರಶ್ನೆಯನ್ನು ಮುನ್ನೆಲೆಗೆ ತಂದದ್ದು ಹೆಚ್ಚಾಗಿ ನ್ಯಾಯಾಲಯಗಳು. ದೆಹಲಿ ರಾಜ್ಯ 1996ರಲ್ಲಿ ಧೂಮಪಾನಿಗಳಲ್ಲದವರ ಆರೋಗ್ಯ ರಕ್ಷಣೆಗೆ ಕಾಯ್ದೆ ಮಾಡಿತ್ತು. 1999ರ ಜುಲೈ 12ರಂದು ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಕಾನೂನುಬಾಹಿರವೆಂದು ತೀರ್ಪಿತ್ತಿತು. ಮುಂಬಯಿಯ ಮುರಳಿ ದೇವ್ರಾ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸಭಾಂಗಣ, ಸರಕಾರಿ ಕಚೇರಿ, ಬಸ್ಸು, ರೈಲುಗಳಲ್ಲಿ ಧೂಮಪಾನವನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಸೇದದವನ ಬದುಕುವ ಹಕ್ಕನ್ನು, ಅಂದರೆ ಸಂವಿಧಾನದ 21ನೇ ವಿಧಿಯನ್ನು, ನ್ಯಾಯಾಲಯ ಆಧಾರವಾಗಿ ಹಿಡಿಯಿತು. ರೈಲು ಡಬ್ಬಿಯ ಒಪ್ಪಿಗೆಯ ತತ್ವ ಇಲ್ಲಿಗೆ ಮುಗಿಯಿತು. ಇನ್ನು ಆ ಹೆಂಗಸು ಬಾಯಿ ಬಿಟ್ಟು ಆಕ್ಷೇಪಿಸಬೇಕಾಗಿರಲಿಲ್ಲ.

2003ರಲ್ಲಿ ಸಂಸತ್ತು ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯನ್ನು ಮಾಡಿತು. ಬೀಡಿ, ಚುಟ್ಟಾ, ಹುಕ್ಕಾ, ಗುಟ್ಕಾ ಎಲ್ಲವೂ ಇದರ ವ್ಯಾಪ್ತಿಗೆ ಬಂದವು. ನಾಲ್ಕನೇ ಸೆಕ್ಷನ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯಿತು, ಐದನೆಯದು ಜಾಹೀರಾತನ್ನು, ಆರನೆಯದು 18 ವರ್ಷದೊಳಗಿನವರಿಗೆ ಮಾರುವುದನ್ನು ಮತ್ತು ಶಿಕ್ಷಣ ಸಂಸ್ಥೆಗಳ 100 ಗಜದೊಳಗೆ ಮಾರುವುದನ್ನು ತಡೆಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ ರೂಪುಗೊಂಡಿತು. ಭಾರತ 2004ರ ಫೆಬ್ರವರಿಯಲ್ಲಿ ಅದನ್ನು ಅನುಮೋದಿಸಿತು. 2008ರ ಅಕ್ಟೋಬರ್ 2ರಿಂದ, ಅಂದರೆ ಗಾಂಧೀ ಜಯಂತಿಯಿಂದ, ಹೊಸ ನಿಯಮಗಳು ಬಂದು ಹೋಟೆಲು, ಸಿನಿಮಾ ಮಂದಿರ, ಕೆಲಸದ ಸ್ಥಳಗಳಿಗೂ ನಿಷೇಧ ಹಬ್ಬಿತು. ದಂಡ 200 ರೂಪಾಯಿವರೆಗೆ. ಬಾಲ್ಯದಲ್ಲಿ ಕದ್ದು ಮೋಟು ಸೇದಿದ್ದನ್ನು ತಮ್ಮ ಆತ್ಮಕಥೆಯಲ್ಲೇ ಒಪ್ಪಿಕೊಂಡ ಗಾಂಧೀಜಿಯ ಹುಟ್ಟುದಿನಕ್ಕೆ ಇದು ಸಲ್ಲುವ ಗೌರವವೇ.

2009ರ ಮೇ 31ರಿಂದ ಪೊಟ್ಟಣಗಳ ಮೇಲೆ ಚಿತ್ರದ ಎಚ್ಚರಿಕೆ ಬಂತು, ಓದು ಬಾರದವರಿಗೂ ತಿಳಿಯಿತು. 2016ರ ಏಪ್ರಿಲ್‌ನಿಂದ ಅದು ಪೊಟ್ಟಣದ ಶೇ. 85 ಭಾಗವನ್ನು ತುಂಬಬೇಕಾಯಿತು. ಈ ಜಗಳ ಕರ್ನಾಟಕಕ್ಕೇ ಬಂತು. ಕಂಪನಿಗಳು ಹೂಡಿದ ಮೊಕದ್ದಮೆಗಳನ್ನು ಕರ್ನಾಟಕ ಹೈಕೋರ್ಟ್ ವಿಚಾರಿಸಿ 2017ರ ಡಿಸೆಂಬರ್‌ನಲ್ಲಿ ಶೇ. 85ರ ನಿಯಮವನ್ನು ರದ್ದುಮಾಡಿತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ನಮ್ಮ ರಾಜ್ಯ ಸರಕಾರ 2013ರಲ್ಲಿ ಗುಟ್ಕಾವನ್ನು, 2016ರಲ್ಲಿ ಇ-ಸಿಗರೇಟನ್ನು, 2017ರಲ್ಲಿ ಬಿಡಿ ಸಿಗರೇಟು, ಬಿಡಿ ಬೀಡಿಗಳ ಮಾರಾಟವನ್ನು, 2024ರ ಫೆಬ್ರವರಿಯಲ್ಲಿ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿ ಕಾಯ್ದೆ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಇದಲ್ಲದೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಂತೆ ಮಗುವಿನ ಕೈಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆಯಿದೆ. "ಹೋಗು, ಒಂದು ಕಟ್ಟು ಬೀಡಿ ತಗೊಂಡ್ಬಾ" ಎಂದು ಮಕ್ಕಳನ್ನು ಅಂಗಡಿಗೆ ಕಳಿಸುತ್ತಿದ್ದ ನಮ್ಮ ಊರುಗಳಲ್ಲಿ ಈ ಮಾತು ಎಷ್ಟು ಜನರಿಗೆ ತಲುಪಿದೆ?

ಕಾನೂನು ನಿಂತ ಹೊಸ್ತಿಲು

ಇಷ್ಟೆಲ್ಲ ಕಾನೂನುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕೊರತೆ ಕಾಣುತ್ತದೆ. ಇವೆಲ್ಲವೂ ಮನೆಯ ಹೊಸ್ತಿಲಲ್ಲಿ ನಿಲ್ಲುತ್ತವೆ. ಮನೆ ಸಾರ್ವಜನಿಕ ಸ್ಥಳವಲ್ಲ. ಮಗು ಹೆಚ್ಚು ಹೊತ್ತು ಇರುವುದು ಮನೆಯಲ್ಲೇ. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್‌ನಿಂದ ಮಕ್ಕಳಿರುವ ಖಾಸಗಿ ಕಾರಿನೊಳಗೆ ಸೇದುವುದು ಅಪರಾಧವಾಗಿದೆ. ಕಾರಿನವರೆಗೆ ಹೋದ ಆ ಕಾನೂನೂ ಮನೆಯೊಳಗೆ ಹೋಗಿಲ್ಲ. ಮನೆಯೊಳಗೆ ಪೊಲೀಸರನ್ನು ಕಳಿಸಬೇಕೆಂದು ನಾನೂ ಹೇಳುವುದಿಲ್ಲ. ಬಡವರ ಮನೆಯ ಬಾಗಿಲನ್ನು ಪೊಲೀಸರು ತಟ್ಟುವುದಕ್ಕೆ ಹೊಸ ಕಾರಣಗಳು ಬೇಡ.

ಆದರೆ ಕಾನೂನು ಒಳಗೆ ಹೋಗದಿದ್ದರೂ ಅದರ ಮಾತು ಒಳಗೆ ಹೋಗುತ್ತದೆ ಎಂಬುದಕ್ಕೆ ಆಧಾರವಿದೆ. ಕೇಂದ್ರ ಆರೋಗ್ಯ ಇಲಾಖೆ ನಡೆಸಿದ ವಯಸ್ಕರ ತಂಬಾಕು ಸಮೀಕ್ಷೆಗಳ ಪ್ರಕಾರ 2009-10ರಲ್ಲಿ ದೇಶದ ವಯಸ್ಕರಲ್ಲಿ ಶೇ. 52.3ರಷ್ಟು ಜನ ಮನೆಯಲ್ಲಿ ಇತರರ ಹೊಗೆಗೆ ಒಡ್ಡಿಕೊಂಡಿದ್ದರು. 2016-17ರ ಹೊತ್ತಿಗೆ ಅದು ಶೇ. 38.7ಕ್ಕೆ ಇಳಿದಿತ್ತು. ತಂಬಾಕು ಬಳಸುವವರು ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ ಶೇ. 28.2ರಿಂದ 22.8ಕ್ಕೆ ಇಳಿದರು. ಮನೆಯೊಳಗೆ ಸೇದಬೇಡಿ ಎಂದು ಯಾವ ಕಾಯ್ದೆಯೂ ಹೇಳಿರಲಿಲ್ಲ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಆಫೀಸಿನಲ್ಲಿ ಎದ್ದು ಹೊರಗೆ ಹೋಗಿ ಸೇದುವುದನ್ನು ಕಲಿತವನು ಮನೆಯಲ್ಲೂ ಎದ್ದು ಹೊರಗೆ ಹೋಗತೊಡಗಿದನೆಂದು ನನಗೆ ತೋರುತ್ತದೆ. ಹಳೆಯ ಬಾದಶಹರು ಮರಣದಂಡನೆಯಿಂದ ಸಾಧಿಸಲಾಗದ್ದನ್ನು ಒಂದು ಬೋರ್ಡು, 200 ರೂಪಾಯಿ ದಂಡ ಮತ್ತು ಪಕ್ಕದವನ ನೋಟ ಒಂದಿಷ್ಟು ಸಾಧಿಸಿವೆ. ಆದರೂ 38.7 ಎಂದರೆ ಹತ್ತರಲ್ಲಿ ನಾಲ್ಕು ಜನ. ಅಂಥ ಮನೆಗಳಲ್ಲಿ ಮಕ್ಕಳೂ ಇದ್ದಾರೆ.

ಶಾಲೆಗಳ ಸುತ್ತಿನ ಸ್ಥಿತಿಯೂ ಪೂರ್ತಿ ಸರಿಹೋಗಿಲ್ಲ. 2019ರ ಮಾರ್ಗಸೂಚಿಯಂತೆ ಶಾಲೆಯಿಂದ 100 ಗಜದ ದೂರಕ್ಕೆ ಹಳದಿ ಗೆರೆ ಎಳೆಯಬೇಕು. ನಾನು ಬಲ್ಲ ಶಾಲೆಯೊಂದರ ಎದುರು ಗೆರೆಯೂ ಇದೆ, ಗೆರೆಯ ಒಳಗಡೆ ಅಂಗಡಿಯೂ ಇದೆ. ಅಂಗಡಿಯವರಿಗೆ ಬೇರೆ ಜಾಗ ಎಲ್ಲಿ ಕೊಡುತ್ತೀರಿ ಎಂದು ಯಾರೂ ಕೇಳಿಲ್ಲ, ಆದ್ದರಿಂದ ಯಾರೂ ಎಬ್ಬಿಸಿಯೂ ಇಲ್ಲ.

ಮೊರದ ಮುಂದೆ ಕೂತವರು

ಇನ್ನೊಂದು ವಿಷಯವನ್ನು ಮುಟ್ಟದೆ ಈ ಲೇಖನ ಪ್ರಾಮಾಣಿಕವಾಗದು. ಬೀಡಿಯನ್ನು ಸೇದಿದವರು ಗಂಡಸರು, ಕಟ್ಟಿದವರು ಹೆಂಗಸರು. ಸ್ವದೇಶಿ ಚಳವಳಿಯ ಕಾಲದಲ್ಲಿ ವಿದೇಶಿ ಸಿಗರೇಟಿಗೆ ಬದಲಾಗಿ ಬೀಡಿ ದೇಶದುದ್ದಕ್ಕೂ ಹಬ್ಬಿತು. ಮಂಗಳೂರು, ಮೈಸೂರು, ತುಮಕೂರಿನ ಮುಸ್ಲಿಮ್ ಓಣಿಗಳಲ್ಲಿ ಅದು ಪರ್ದಾದೊಳಗೆ ಕೂತು ಮಾಡಬಹುದಾದ ದುಡಿಮೆಯಾಯಿತು. ತೂಬರೆ ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ದಾರ ಸುತ್ತಿ ಸಾವಿರದ ಲೆಕ್ಕದಲ್ಲಿ ಕೊಡುವ ಕೆಲಸ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತು. ಮಾಲೀಕರು ಅದನ್ನು ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬಂದ ಸೆಸ್ ಮತ್ತು ಕಲ್ಯಾಣ ನಿಧಿಯಿಂದ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ, ಚಿಕಿತ್ಸೆ, ಮನೆಗೆ ನೆರವು ದೊರೆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು.

ಈ ಕೆಲಸ ಮಾಡುವವರು ದೇಶದಲ್ಲಿ ಸುಮಾರು 50 ಲಕ್ಷ ಜನ, ಹೆಚ್ಚಿನವರು ಹೆಂಗಸರು. ಮೊರದ ಪಕ್ಕದಲ್ಲೇ ಅವರ ಮಕ್ಕಳು ಮಲಗುತ್ತಾರೆ. ಹೊಗೆಸೊಪ್ಪಿನ ಧೂಳು ಅನ್ನದ ಪಾತ್ರೆಯವರೆಗೆ ಹಾರುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ತಯಾರಿಕೆಯನ್ನು ಮಕ್ಕಳಿಗೆ ನಿಷೇಧಿಸಿತ್ತು, ಆದರೆ ಮನೆಮಂದಿಯ ಜತೆ ಮಾಡುವ ಕೆಲಸಕ್ಕೆ ವಿನಾಯಿತಿ ಇಟ್ಟಿತ್ತು. ಇಲ್ಲಿಯೂ ಕಾನೂನು ನಿಂತದ್ದು ಅದೇ ಹೊಸ್ತಿಲಲ್ಲಿ. ಹೊಗೆಯಾಗದ ಹೊಗೆಸೊಪ್ಪು ಕೂಡ ಮಗುವಿಗೆ ತಾಗುತ್ತದೆಂಬುದನ್ನು ನಮ್ಮ ನೀತಿಗಳು ಲೆಕ್ಕಕ್ಕೆ ತಂದದ್ದು ಅಲ್ಪ.

ತುಮಕೂರಿನ ನನ್ನ ಖಾಲಾ ಹನ್ನೊಂದನೇ ವಯಸ್ಸಿನಿಂದ ಬೀಡಿ ಕಟ್ಟಿದವರು. ಅಮ್ಮಿ ಕಾಯಿಲೆ ಬಿದ್ದ ವರ್ಷ ನನ್ನ ಶಾಲೆಯ ಪುಸ್ತಕಗಳು ಬಂದದ್ದು ಅವರ ಬೀಡಿಯ ಹಣದಿಂದ. ಇದನ್ನು ಮರೆತು ನಾನು ಬೀಡಿಯ ವಿರುದ್ಧ ಬರೆಯಲಾರೆ, ಇದಕ್ಕಾಗಿ ಬರೆಯದೆಯೂ ಇರಲಾರೆ. ಭಾರತ ಸಹಿ ಹಾಕಿದ ತಂಬಾಕು ಒಪ್ಪಂದದ 8ನೇ ವಿಧಿ ಹೊಗೆಯಿಂದ ರಕ್ಷಣೆಯ ಮಾತಾಡುತ್ತದೆ, 17ನೇ ವಿಧಿ ತಂಬಾಕು ಕಾರ್ಮಿಕರಿಗೆ, ಬೆಳೆಗಾರರಿಗೆ ಬದಲಿ ಬದುಕಿನ ಮಾತಾಡುತ್ತದೆ. ಮೊದಲನೆಯದಕ್ಕೆ ದಂಡದ ಪುಸ್ತಕ ಮುದ್ರಣವಾಗಿದೆ, ಎರಡನೆಯದು ಹೆಚ್ಚಾಗಿ ಕಾಗದದಲ್ಲೇ ಉಳಿದಿದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ನಿರ್ಧರಿಸಿತು. ಕಾರ್ಮಿಕರ ಹೆಸರು ಹೇಳಿ ಬೀಡಿಯನ್ನು ಅಗ್ಗ ಮಾಡುವುದು ಸುಲಭ. ಅದೇ ಕಾರ್ಮಿಕರ ಮಗಳಿಗೆ ಹೊಲಿಗೆಯೋ ದಾದಿಯ ಕೆಲಸವೋ ತೆಂಗಿನ ನಾರಿನ ಉದ್ಯೋಗವೋ ಸಿಗುವಂತೆ ಮಾಡುವುದು ಕಷ್ಟ. ತೆಂಗಿನ ಸೀಮೆಯಲ್ಲಿ ನಾರಿಗೇನು ಬರವಿಲ್ಲ.

ನಮ್ಮಿಂದ ಆಗಬೇಕಾದ್ದೂ ಇದೆ. ರಮಝಾನಿನಲ್ಲಿ ಸಹ್ರಿಯಿಂದ ಇಫ್ತಾರಿನವರೆಗೆ ಹದಿಮೂರು ಗಂಟೆ ಬೀಡಿ ಬಿಟ್ಟಿರಬಲ್ಲವನು ಮಗುವಿರುವ ಕೋಣೆಯಲ್ಲಿ ಬೀಡಿ ಬಿಡಲಾರೆ ಎಂದರೆ ನಂಬುವುದು ಹೇಗೆ? ಜುಮಾ ಖುತ್ಬಾದಲ್ಲಿ ಪಕ್ಕದವನ ಹಕ್ಕಿನ ಬಗ್ಗೆ ಹೇಳುವ ಇಮಾಮರು ಮಗುವಿನ ಉಸಿರಿನ ಹಕ್ಕಿನ ಬಗ್ಗೆಯೂ ಎರಡು ಮಾತು ಹೇಳಬಹುದು. ಮಠದ ಅಂಗಳದಲ್ಲಿ, ಹಾಲಿನ ಡೇರಿಯಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಇದೇ ಮಾತು ನಡೆಯಬಹುದು. ಬಿಡಬೇಕೆನ್ನುವವರಿಗೆ ಸರಕಾರದ ಉಚಿತ ದೂರವಾಣಿ 1800-11-2356 ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಸಲಹೆಯೂ ದೊರೆಯುತ್ತದೆ. ಹಿರಿಯರ ಮುಂದೆ ಬೀಡಿ ಆರಿಸುವುದನ್ನು ಯಾವ ಸರಕಾರವೂ ನಮಗೆ ಕಲಿಸಲಿಲ್ಲ. ಅದನ್ನು ನಾವೇ ಕಲಿತೆವು. ಹಾಗಿದ್ದ ಮೇಲೆ ಕಿರಿಯರ ಮುಂದೆ ಆರಿಸುವುದನ್ನೂ ಕಲಿಯಬಹುದು.

ಅಬ್ಬಾ ಕೊನೆಯವರೆಗೂ ಬೀಡಿ ಬಿಡಲಿಲ್ಲ. ಆದರೆ ತಂಗಿಯ ಮಗು ಮನೆಗೆ ಬಂದ ದಿನದಿಂದ ಅವರು ಬೀಡಿ ಹಚ್ಚಲು ಎದ್ದು ಕೆರೆ ಏರಿಯವರೆಗೆ ನಡೆದು ಹೋಗುತ್ತಿದ್ದರು. ಮೊಣಕಾಲು ನೋವಿದ್ದರೂ ಹೋಗುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದಾಗ, "ಆ ಡಾಕ್ಟ್ರು ಅವತ್ತು ಕೇಳಿದ್ದು ಈಗ ಅರ್ಥವಾಯ್ತು ಬೇಟಾ" ಎಂದರು.

ಈ ಲೇಖನ ಬರೆಯುತ್ತಿರುವ ಸಂಗತಿಯನ್ನು ಖಾಲಾಗೆ ಫೋನಿನಲ್ಲಿ ಹೇಳಿದೆ. ಅವರೀಗ ಬೆರಳು ಮಡಚಲಾಗದೆ ಕೆಲಸ ನಿಲ್ಲಿಸಿದ್ದಾರೆ, ಸೊಸೆ ಕಟ್ಟುತ್ತಾಳೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬರಿ ಬೇಟಾ, ಮಕ್ಕಳ ಮುಂದೆ ಸೇದಬೇಡಿ ಅಂತ ಬರಿ. ಹಾಗೇ ನನ್ನ ಸೊಸೆಗೆ ಬೇರೆ ಕೆಲಸ ಯಾವುದು ಅಂತಾನೂ ಕೇಳಿ ಬರಿ."